ಪಂಪ್ ಕೋವೀಲಿ ಖಾಲಿ ತೋಟಾ ಸಿಕ್ಕಿಕೊಳ್ಳುತ್ತೆ, ಎಕ್ಸ್‌ಟ್ರಾಕ್ಟರ್ ಬದಲಿಸ್ಬೇಕಾ?

ಪ್ರಶ್ನೆ: ಮೂಡಿಗೆರೆ ಹತ್ರ ನಮ್ದು ಕಾಫಿ ತೋಟ. ಅಪ್ಪನ ಕಾಲದ ರೆಮಿಂಗ್ಟನ್ 870 ಪಂಪ್ ಕೋವಿ ಇದೆ, 12 ಬೋರ್, ಈಗ ಲೈಸೆನ್ಸ್ ನನ್ನ ಹೆಸರಲ್ಲಿದೆ. ಎಲೆಕ್ಷನ್ ಟೈಮಲ್ಲಿ ಸ್ಟೇಷನ್‌ಗೆ ಕೊಟ್ಟಿದ್ದು, ವಾಪಸ್ ತಂದ್ಮೇಲೆ ಈ ತೊಂದ್ರೆ ಶುರುವಾಗಿದೆ. ಮೊದಲ ಎರಡು ಈಡು ಸರಿ ಹೋಗುತ್ತೆ, ಮೂರನೇದಕ್ಕೆ ಪಂಪ್ ಹಿಡಿ ಹಿಂದಕ್ಕೆ ಬರಲ್ಲ. ಜೋರಾಗಿ ಎಳೆದ್ರೆ ಬರುತ್ತೆ, ಆದ್ರೆ ಖಾಲಿ ತೋಟಾ ನಳಿಗೇಲೇ ಉಳಿದಿರುತ್ತೆ. ಒಂದೊಂದ್ಸಲ ನಳಿಗೆಯಿಂದ ಬಂದ್ರೂ, ಖಾಲಿ ತೋಟಾ ಹೊರಗೆ ಹಾರೋ ಕಿಟಕೀಲಿ ಅಡ್ಡ ಸಿಕ್ಕಿಕೊಳ್ಳುತ್ತೆ. ತೋರಿಸಿದ ಕಡೆ ಎಕ್ಸ್‌ಟ್ರಾಕ್ಟರ್ ಹೋಗಿದೆ, ಬದಲಿಸ್ಬೇಕು ಅಂದ್ರು. ಹಳೇ ಕೋವಿ, ಪಾರ್ಟ್ ಸಿಗೋದು ಕಷ್ಟ. ಏನ್ಮಾಡ್ಲಿ? ಇನ್ನೊಂದು ವಿಷ್ಯ, ನಮ್ಮ ಭಾವನ ಹತ್ರ 3 ಇಂಚಿನ ತೋಟಾ ಇದೆ, ಅದನ್ನ ಇದಕ್ಕೆ ಹಾಕಬಹುದಾ?

ಉತ್ತರ: ಗೌಡ್ರೆ, ಎಕ್ಸ್‌ಟ್ರಾಕ್ಟರ್ ಬದಲಿಸೋ ಮಾತು ಸದ್ಯಕ್ಕೆ ಬಿಡಿ. ನೀವು ಬರೆದಿರೋದ್ರಲ್ಲಿ ಇರೋದು ಒಂದು ತೊಂದ್ರೆ ಅಲ್ಲ, ಎರಡು. ಖಾಲಿ ತೋಟಾ ನಳಿಗೇಲೇ ಉಳ್ಕೊಳ್ಳೋದು ಬೇರೆ, ನಳಿಗೆಯಿಂದ ಬಂದು ಕಿಟಕೀಲಿ ಅಡ್ಡ ನಿಲ್ಲೋದು ಬೇರೆ. ಮೊದಲನೇದ್ರಲ್ಲಿ ಎಳೆಯೋ ಕೆಲಸ ಆಗಿಲ್ಲ, ಎರಡನೇದ್ರಲ್ಲಿ ಎಸೆಯೋ ಕೆಲಸ ಆಗಿಲ್ಲ. ಎರಡಕ್ಕೂ ಕೋವಿ ಒಳಗೆ ಬೇರೆ ಬೇರೆ ಪಾರ್ಟ್ ಇದೆ, ಹಾಗಿರುವಾಗ ಎಲ್ಲಾ ತಪ್ಪನ್ನೂ ಎಕ್ಸ್‌ಟ್ರಾಕ್ಟರ್ ಅನ್ನೋ ಆ ಒಂದು ಕೊಕ್ಕೆ ತಲೆಗೆ ಕಟ್ಟಿದ್ದಾರೆ.

870ರಲ್ಲಿ ಪಂಪ್ ಜೊತೆ ಹಿಂದೆ ಮುಂದೆ ಓಡಿ ನಳಿಗೆಯ ಹಿಂಭಾಗ ಮುಚ್ಚೋ ಬೋಲ್ಟಿನ ಮೂತಿ ಹತ್ರ ಬಲಗಡೆಗೆ ಒಂದು ಚಿಕ್ಕ ಕೊಕ್ಕೆ ಇರುತ್ತೆ, ಅದು ಎಕ್ಸ್‌ಟ್ರಾಕ್ಟರ್. ಅದರ ಬೆನ್ನಿಗೆ ಒಂದು ಪ್ಲಂಜರ್, ಒಂದು ಸಣ್ಣ ಸ್ಪ್ರಿಂಗು. ತೋಟಾದ ತಳದ ಅಂಚನ್ನ ಈ ಕೊಕ್ಕೆ ಹಿಡ್ಕೊಂಡು, ನೀವು ಪಂಪ್ ಎಳೆದ ಹಾಗೆ ಖಾಲಿ ತೋಟಾನ ಚೇಂಬರಿನಿಂದ, ಅಂದ್ರೆ ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರೋ ಜಾಗದಿಂದ, ಹಿಂದಕ್ಕೆ ಎಳ್ಕೊಂಡು ಬರುತ್ತೆ. ಖಾಲಿ ತೋಟಾನ ಹೊರಗೆ ಎಸೆಯೋ ಎಜೆಕ್ಟರ್ ಇರೋದು ಬೋಲ್ಟಲ್ಲಿ ಅಲ್ಲ, ಬೋಲ್ಟ್ ಓಡಾಡೋ ಲೋಹದ ಗೂಡು ಇದೆಯಲ್ಲ, ಆ ರಿಸೀವರ್ ಒಳಗಿನ ಎಡಗಡೆ ಗೋಡೆಗೆ ರಿವೆಟ್ ಹೊಡೆದು ಕೂರಿಸಿರೋ ಉದ್ದನೇ ಪಟ್ಟಿ, ಅದಕ್ಕೊಂದು ಚಪ್ಪಟೆ ಸ್ಪ್ರಿಂಗ್. ಬೋಲ್ಟು ಪೂರ್ತಿ ಹಿಂದೆ ಬಂದಾಗ ತೋಟಾದ ಎಡ ಅಂಚು ಅದಕ್ಕೆ ಬಡಿಯುತ್ತೆ, ಬಲ ಅಂಚು ಕೊಕ್ಕೇಲೇ ಇರುತ್ತಲ್ಲ, ಹಾಗಾಗಿ ತೋಟಾ ಬಲಕ್ಕೆ ತಿರುಗಿ ಕಿಟಕಿಯಿಂದ ಹಾರುತ್ತೆ. ಪೂರ್ತಿ ಹಿಂದೆ ಬಂದಾಗ ಮಾತ್ರ, ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಕೋವಿ ಬಿಚ್ಚೋಕೆ ಮುಂಚೆ ಎರಡು ಮಾತು. ಮೂತಿ ಯಾವಾಗ್ಲೂ ಮನುಷ್ಯರು, ದನ, ಮನೆ ಯಾವುದೂ ಇಲ್ದಿರೋ ಕಡೆ. ನಳಿಗೆ ಕೆಳಗೆ ತೋಟಾ ತುಂಬೋ ಕೊಳವೆ ಅಂದ್ರೆ ಮ್ಯಾಗಜಿನ್ ಖಾಲಿ, ಚೇಂಬರ್ ಖಾಲಿ, ಕಣ್ಣಲ್ಲಿ ನೋಡಿ ಕಿರುಬೆರಳು ಹಾಕಿ ಮುಟ್ಟಿ ನೋಡಿ, ಜೀವಂತ ತೋಟಾ ಎಲ್ಲಾ ತಗೊಂಡೋಗಿ ಬೇರೆ ರೂಮಿನ ಬೀರುವಲ್ಲಿಟ್ಟು ಬೀಗ ಹಾಕಿ ಬನ್ನಿ. ಪಂಪ್ ಆಡಿಸಿ ನೋಡೋದಕ್ಕೆ ಡಮ್ಮಿ ತೋಟಾ ಅಂತ ಪ್ಲಾಸ್ಟಿಕ್ಕಿಂದೋ ಅಲ್ಯುಮಿನಿಯಂದೋ ಸಿಗುತ್ತೆ, ಸ್ನ್ಯಾಪ್ ಕ್ಯಾಪ್ ಅಂತಾರೆ, ನಾಕು ತರಿಸಿಟ್ಕೊಳ್ಳಿ. ಲೈಸೆನ್ಸಲ್ಲಿ ವರ್ಷಕ್ಕೆ ಇಷ್ಟೇ ತೋಟಾ ಅಂತ ಬರೆದಿರುತ್ತಲ್ಲ, ಅದನ್ನ ಪರೀಕ್ಷೆಗೆ ಸುಟ್ಟು ಹಾಳು ಮಾಡೋದೂ ಬೇಡ, ಅಂಗಳದಲ್ಲಿ ನಿಂತು ಜೀವಂತ ತೋಟಾ ತುಂಬಿ ತುಂಬಿ ತೆಗೆಯೋದಂತೂ ಬೇಡವೇ ಬೇಡ.

ಈಗ ಮೂರನೇ ಈಡಿಗೆ ಸಿಕ್ಕಿಕೊಂಡಿತ್ತಲ್ಲ, ಆ ಖಾಲಿ ತೋಟಾ ಎಸೆದಿಲ್ಲ ಅಂದ್ಕೊಂಡಿದ್ದೀನಿ. ಎಸೆದಿದ್ರೆ ಮುಂದಿನ ಸಲ ಸಿಕ್ಕಿಕೊಂಡಾಗ ಎತ್ತಿಡಿ, ಸಲೀಸಾಗಿ ಹಾರಿದ್ದನ್ನೂ ಒಂದೆರಡು ಎತ್ತಿಟ್ಟು ಮಾರ್ಕರಲ್ಲಿ ಗುರುತು ಮಾಡಿ. ನಮಗೆ ರೋಗ ಹೇಳೋದು ಕೋವಿಗಿಂತ ಜಾಸ್ತಿ ಖಾಲಿ ತೋಟಾ. ತಳದ ಅಂಚನ್ನ ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿ. ಕೊಕ್ಕೆ ಹಿಡಿದ ಜಾಗದಲ್ಲಿ ಅಂಚು ಬಗ್ಗಿದ್ರೆ, ಹರಿದಿದ್ರೆ, ಲೋಹ ಹಿಂದಕ್ಕೆ ಎದ್ದಿದ್ರೆ ಕೊಕ್ಕೆ ತನ್ನ ಕೆಲಸ ಮಾಡಿದೆ ಅಂತ ಅರ್ಥ, ಗಟ್ಟಿಯಾಗಿ ಹಿಡಿದು ಎಳೆದಿದೆ, ತೋಟಾನೇ ಚೇಂಬರ್ ಬಿಟ್ಟು ಬಂದಿಲ್ಲ, ಕೊನೆಗೆ ಅಂಚು ಸೋತಿದೆ. ಅಂಥ ಕೋವಿಗೆ ಹೊಸ ಎಕ್ಸ್‌ಟ್ರಾಕ್ಟರ್ ಹಾಕಿದ್ರೆ ಅದು ಇನ್ನೂ ಚೆನ್ನಾಗಿ ಅಂಚು ಹರಿಯುತ್ತೆ ಅಷ್ಟೆ. ಅದೇ ಅಂಚಲ್ಲಿ ಗುರುತೇ ಇಲ್ಲ ಅಥವಾ ಸುಮ್ನೆ ಸವರಿದ ಹಾಗೆ ಒಂದು ಹೊಳಪು ಗೆರೆ ಇದೆ ಅಂದ್ರೆ ಆಗ ಕೊಕ್ಕೆ ಮೇಲೆ ಅನುಮಾನ ಪಡಬೇಕು, ಹಿಡಿಯೋಕೇ ಆಗದೆ ಜಾರಿದೆ ಅಂತ.

ನಿಮ್ಮ ವಿಷಯದಲ್ಲಿ ಹಿಡಿಯೇ ಹಿಂದಕ್ಕೆ ಬರ್ತಿಲ್ಲ, ಜೋರು ಮಾಡಿದ್ಮೇಲೆ ಬರುತ್ತೆ ಅಂತಿದ್ದೀರಿ. ಕೊಕ್ಕೆ ಸವೆದಿದ್ರೆ ಹಿಡಿ ಹಗುರವಾಗಿ ಬಂದ್ಬಿಡೋದು, ತೋಟಾ ಮಾತ್ರ ಅಲ್ಲೇ ಉಳಿಯೋದು. ಇಷ್ಟು ಬಿಗಿ ಇದೆ ಅಂದ್ರೆ ಕೊಕ್ಕೆ ಹಿಡಿದು ಜಗ್ಗಾಡಿದೆ. ಮೊದಲ ಎರಡು ಸರಿ, ಮೂರನೇದು ಬಿಗಿ ಅನ್ನೋದೂ ಅದನ್ನೇ ಹೇಳುತ್ತೆ, ಎರಡು ಈಡಿಗೆ ಚೇಂಬರ್ ಬಿಸಿಯಾಗಿ ಮಸಿ ಕೂತಿರುತ್ತೆ, ಆಮೇಲೆ ಹೋಗೋ ತೋಟಾದ ಪ್ಲಾಸ್ಟಿಕ್ ಬೇಗ ಅಂಟ್ಕೊಳ್ಳುತ್ತೆ. ಸ್ಟೇಷನ್ನಿಂದ ಬಂದ್ಮೇಲೆ ಶುರುವಾಯ್ತು ಅಂದಿದ್ದು ನೋಡಿ ನನಗೆ ಉಳಿದ ಅನುಮಾನಾನೂ ಹೋಯ್ತು. ಚೇಂಬರಿಗೆ ತುಕ್ಕು ಹಿಡಿದಿದೆ.

ಇದು ಯಾರ ತಪ್ಪು ಅಂತ ಕೇಳ್ಬೇಡಿ. 2024ರ ಲೋಕಸಭೆ ಎಲೆಕ್ಷನ್ ತಗೊಳ್ಳಿ, ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ಜೂನ್ 4ಕ್ಕೆ ಎಣಿಕೆ. ಇದರ ಮಧ್ಯೆ ನಮ್ಮ ಕಡೆ ಹೂ ಮಳೆ, ಅಡ್ಡ ಮಳೆ ಎಲ್ಲಾ ಬಂದು ಹೋಗಿ ಮುಂಗಾರಿನ ಬಾಗಿಲಿಗೆ ಬಂದಿರ್ತೀವಿ. ಅಷ್ಟು ದಿನ ಸಾಲಾಗಿ ಒರಗಿಸಿಟ್ಟ ಕೋವಿಗಳನ್ನ ಅಲ್ಲಿರೋರು ಒಂದೊಂದಾಗಿ ಎಣ್ಣೆ ಹಚ್ಚಿ ಒರೆಸ್ತಾ ಕೂರೋಕೆ ಆಗುತ್ತಾ? ಹೊಡೆದ ಮಸಿ ಹಾಗೇ ಇಟ್ಟು, ಸ್ಪಂಜಿನ ಕವರಲ್ಲಿ ಹಾಕಿ ಕೊಟ್ಟಿದ್ರೆ ಮುಗೀತು, ಆ ಸ್ಪಂಜು ತೇವ ಕುಡಿದು ಇಟ್ಕೊಂಡು ನಳಿಗೆಗೆ ನಿಧಾನಕ್ಕೆ ಬಿಡುತ್ತೆ. ಹೊರಗಡೆ ನೀಲಿ ಬಣ್ಣ ಮಿರಮಿರ ಅಂತಿರುತ್ತೆ, ಒಳಗೆ ಚೇಂಬರಲ್ಲಿ ಚುಕ್ಕೆ ಚುಕ್ಕೆ. ಮುಂದಿನ ಸಲ ಕೊಡೋ ಮುಂಚೆ ನಳಿಗೆ, ಚೇಂಬರ್ ಕ್ಲೀನ್ ಮಾಡಿ ಒಳಗೆ ತೆಳ್ಳಗೆ ಕೋವಿ ಎಣ್ಣೆ ಸವರಿ, ಸ್ಪಂಜಿನ ಕವರ್ ಬಿಟ್ಟು ಹಳೇ ಕಾಟನ್ ಪಂಚೆ ಬಟ್ಟೆ ಚೀಲದಲ್ಲಿ ಹಾಕಿ ಕೊಡಿ, ರಸೀದಿ ಜೋಪಾನ.

ನೋಡೋದು ಹೇಗೆ ಅಂದ್ರೆ, ಮ್ಯಾಗಜಿನ್ ತುದಿ ಕ್ಯಾಪ್ ಬಿಚ್ಚಿ, ಪಂಪ್ ಅರ್ಧ ಹಿಂದಕ್ಕೆ ಎಳೆದು ನಳಿಗೆ ಮುಂದಕ್ಕೆ ಎಳೆದ್ರೆ ಕೈಗೆ ಬರುತ್ತೆ, 870ರಲ್ಲಿ ಇದೊಂದು ಪುಣ್ಯ. ನಳಿಗೆ ಹಿಂಭಾಗದಿಂದ ಟಾರ್ಚ್ ಬಿಟ್ಟು ಮೊದಲ ಮೂರು ಇಂಚು ನೋಡಿ. ಕಣ್ಣಿಗೆ ಗೊತ್ತಾಗ್ಲಿಲ್ಲ ಅಂದ್ರೆ ಕಿವಿಗೆ ಹಾಕೋ ಹತ್ತಿ ಕಡ್ಡಿ ತಗೊಂಡು ಚೇಂಬರ್ ಗೋಡೆಗೆ ಒತ್ತಿ ನಿಧಾನಕ್ಕೆ ಸುತ್ತ ಎಳೀರಿ. ನುಣ್ಣಗಿರೋ ಕಡೆ ಜಾರುತ್ತೆ, ಗುಳಿ ಬಿದ್ದಿರೋ ಕಡೆ ಹತ್ತಿ ಎಳೆ ಕಿತ್ಕೊಂಡು ಅಲ್ಲೇ ನಿಲ್ಲುತ್ತೆ. ಕಂದು ಬಣ್ಣ ಬಂದ್ರೆ ತುಕ್ಕು, ಕಪ್ಪು ಬಂದ್ರೆ ಮಸಿ. ಗಾಜಿನ ಹಾಗೆ ಹೊಳೆಯೋ ತೆಳು ಪೊರೆ ಕಂಡ್ರೆ ಅದು ಪ್ಲಾಸ್ಟಿಕ್ಕು, ತೋಟಾದ ಕವಚ ಬಿಸಿಗೆ ಕರಗಿ ಬಳ್ಕೊಂಡಿರುತ್ತೆ. ಎಷ್ಟೋ ಜನ ಅದನ್ನ ನೋಡಿ ಚೇಂಬರ್ ಫಳಫಳ ಅಂತಿದೆ ಕ್ಲೀನಾಗಿದೆ ಅಂದ್ಕೊಂಡು ಮುಚ್ಚಿಡ್ತಾರೆ.

ಇಲ್ಲಿ ಒಂದು ವಿಷ್ಯ ಇದೆ, ಇದನ್ನ ಬಹಳ ಜನ ಗಮನಿಸಿರಲ್ಲ. ನಾನು ಪ್ರತಿ ಸಲ ಬ್ರಷ್ ಹಾಕಿ ಉಜ್ಜಿಯೇ ಇಡ್ತೀನಿ ಅಂತಾರೆ, ಸುಳ್ಳೇನೂ ಹೇಳ್ತಿರಲ್ಲ, ನಿಜವಾಗ್ಲೂ ಉಜ್ಜಿರ್ತಾರೆ. ಆದ್ರೆ 12 ಬೋರಿನ ನಳಿಗೆ ಒಳವ್ಯಾಸ ಸುಮಾರು 18.5 ಮಿಲಿಮೀಟರು, ಚೇಂಬರ್ ಒಳವ್ಯಾಸ 20 ಮಿಲಿಮೀಟರಿಗಿಂತ ಜಾಸ್ತಿ. ನಳಿಗೆಗೆ ಬಿಗಿಯಾಗೋ ಬ್ರಷ್ಷು ಚೇಂಬರಲ್ಲಿ ಲಬಲಬ ಅಂತ ಗೋಡೆ ಮುಟ್ಟದೆ ದಾಟಿ ಹೋಗುತ್ತೆ. ಹಾಗಾಗಿ ನಳಿಗೆ ಕನ್ನಡಿ ಥರ ಇರುತ್ತೆ, ತೋಟಾ ಕೂರೋ ಜಾಗದಲ್ಲಿ ಮಾತ್ರ ವರ್ಷಗಟ್ಟಲೆ ಮಸಿ. ಚೇಂಬರಿಗೆ ಅಂತಲೇ ದಪ್ಪ ಬ್ರಷ್ ಬರುತ್ತೆ, ಸಿಗ್ಲಿಲ್ಲ ಅಂದ್ರೆ 10 ಬೋರಿನ ಕಂಚಿನ ಬ್ರಷ್ ಸರಿಯಾಗಿ ಕೂರುತ್ತೆ. ಅದೂ ಇಲ್ವಾ, ಹಳೇ 12 ಬೋರ್ ಬ್ರಷ್‌ಗೆ ನಾಲ್ಕು ಸೊನ್ನೆ ನಂಬರಿನ, ಅಂದ್ರೆ ಎಲ್ಲಕ್ಕಿಂತ ನಯವಾದ ಸ್ಟೀಲ್ ವೂಲ್ ಬಿಗಿಯಾಗೋ ತನಕ ಸುತ್ತಿ, ಎರಡು ಹನಿ ಎಣ್ಣೆ ಹಾಕಿ ಕೈಯಲ್ಲೇ ತಿರುಗಿಸಿ. ಪಾತ್ರೆ ತಿಕ್ಕೋ ಸ್ಟೀಲ್ ಜುಂಗು ಅಲ್ಲ ಮತ್ತೆ, ಅದು ಗೀರು ಹಾಕುತ್ತೆ. ಮೊದಲು ನಳಿಗೆ ಕ್ಲೀನ್ ಮಾಡೋ ಸಾಲ್ವೆಂಟ್ ಹಚ್ಚಿ ಹತ್ತು ನಿಮಿಷ ನೆನೆಯೋಕೆ ಬಿಡಿ, ಅದಿಲ್ಲ ಅಂದ್ರೆ ಸೀಮೆಎಣ್ಣೆಗೂ ಮಸಿ ಬಿಡುತ್ತೆ, ಒಲೆ ದೀಪದಿಂದ ದೂರ ಇರಲಿ. ಆಮೇಲೆ ಉಜ್ಜಿ, ಒರೆಸಿ, ಬಿಳಿ ಬಟ್ಟೆಗೆ ಬಣ್ಣ ಬರೋದು ನಿಲ್ಲೋ ತನಕ.

ನಳಿಗೆ ಕೈಯಲ್ಲಿರುವಾಗಲೇ ಅದರ ಹಿಂದಿನ ತುದೀಲಿ ಎರಡು ಜಾಗ ನೋಡಿ. ಒಂದು ತೋಟಾದ ಅಂಚು ಕೂರೋಕೆ ಅಂತ ಕೊರೆದಿರೋ ಉಂಗುರದಂಥ ಮೆಟ್ಟಿಲು, ಇನ್ನೊಂದು ಎಕ್ಸ್‌ಟ್ರಾಕ್ಟರ್ ಕೊಕ್ಕೆ ಬಂದು ಕೂರೋಕೆ ಬಲಗಡೆ ಕತ್ತರಿಸಿರೋ ಕಚ್ಚು. ಈ ಕಚ್ಚಲ್ಲಿ ಹಳೇ ಎಣ್ಣೆ, ಮಸಿ, ಕಾಫಿ ಎಲೆ ಪುಡಿ ಎಲ್ಲಾ ಸೇರಿ ಗಟ್ಟಿಯಾಗಿ ಕೂತಿದ್ರೆ ಕೊಕ್ಕೆ ಪೂರ್ತಿ ಒಳಗೆ ಹೋಗಲ್ಲ, ಅಂಚನ್ನ ಅರ್ಧಂಬರ್ಧ ಹಿಡಿಯುತ್ತೆ. ಬಿದಿರು ಕಡ್ಡಿ ಚೂಪು ಮಾಡಿ ಕೆರೆದು ತೆಗೀರಿ, ಸ್ಕ್ರೂಡ್ರೈವರ್ ಹಾಕ್ಬೇಡಿ.

ಉಜ್ಜಿದ್ಮೇಲೂ ಹತ್ತಿ ಕಡ್ಡಿ ನಿಲ್ತಿದ್ರೆ ಗುಳಿ ಆಳಕ್ಕೆ ಹೋಗಿದೆ. ಗುಂಡು ಹೊಡೆದಾಗ ತೋಟಾದ ಗೋಡೆ ಒತ್ತಡಕ್ಕೆ ಉಬ್ಬಿ ಆ ಗುಳಿ ಒಳಗೆಲ್ಲಾ ಹೊಕ್ಕಿ ಹಿಡ್ಕೊಳ್ಳುತ್ತೆ, ಎಳೆದ್ರೆ ಬರೋದಾದ್ರೂ ಹೇಗೆ. ಅದಕ್ಕೆ ಉಪ್ಪು ಕಾಗದ ಹಾಕಿ ತಿಕ್ಕೋದು, ಬೈಕ್ ಮೆಕ್ಯಾನಿಕ್ ಹತ್ರ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ತಂದು ಹಚ್ಚೋದು ಮಾಡ್ಬೇಡಿ ದಯವಿಟ್ಟು. ಲೋಹ ಹೋದ್ರೆ ಚೇಂಬರ್ ಅಗಲ ಆಗುತ್ತೆ, ಅಗಲ ಆದ್ರೆ ತೋಟಾ ಇನ್ನೂ ಉಬ್ಬುತ್ತೆ, ಇನ್ನೂ ಸಿಕ್ಕಿಕೊಳ್ಳುತ್ತೆ, ಮಾಡಿದ ಕೆಲಸ ವಾಪಸ್ ಮಾಡೋಕೂ ಆಗಲ್ಲ. ಅದು ಲೈಸೆನ್ಸ್ ಇರೋ ಗನ್‌ಸ್ಮಿತ್, ಅಂದ್ರೆ ಕೋವಿ ರಿಪೇರಿಯವರು, ಅಳತೆ ಹಾಕಿ ನಯವಾಗಿ ಉಜ್ಜಿ ಹೋನ್ ಮಾಡೋ ಕೆಲಸ, ತೀರಾ ಹೋಗಿದ್ರೆ ನಳಿಗೆ ಬದಲಿಸೋದೇ ದಾರಿ.

ಚೇಂಬರಿಗೆ ಎಣ್ಣೆ ಹಚ್ಚಿ ಹೊಡೆದ್ರೆ ತೋಟಾ ಸಲೀಸಾಗಿ ಜಾರುತ್ತಲ್ಲ ಅಂತ ಯಾರೋ ಒಬ್ರು ಹೇಳೇ ಹೇಳ್ತಾರೆ. ತೋಟಾ ಗೋಡೆ ಚೇಂಬರನ್ನ ಸ್ವಲ್ಪ ಕಚ್ಚಿ ಹಿಡಿಯೋದ್ರಿಂದಲೇ ಬೋಲ್ಟ್ ಮೇಲೆ ಬೀಳೋ ಹೊಡೆತ ಕಮ್ಮಿ ಆಗೋದು, ಎಣ್ಣೆ ಹಾಕಿದ್ರೆ ಪೂರ್ತಿ ಹೊಡೆತ ಬೋಲ್ಟಿಗೆ, ಲಾಕಿಗೆ. ಇಡೋವಾಗ ಎಣ್ಣೆ, ಹೊಡೆಯೋ ಮುಂಚೆ ಒಣ ಬಟ್ಟೇಲಿ ಒರೆಸಿ ಒಣಗಿಸಿ. ಕೊಬ್ಬರಿ ಎಣ್ಣೆ ಹಚ್ಚೋ ಅಭ್ಯಾಸ ಇದ್ರೆ ಇವತ್ತೇ ಬಿಡಿ. ಹಳೇ ಮನೆಗಳಲ್ಲಿ ಎಲ್ಲರೂ ಮಾಡ್ತಿದ್ರು, ಒಂಟಿನಳಿಗೆ ಕೋವಿಗೆ ನಡೀತಿತ್ತು, ಪಂಪ್ ಕೋವೀಲಿ ಅದು ಜಿಡ್ಡುಗಟ್ಟಿ ಚಳಿಗಾಲದ ಬೆಳಿಗ್ಗೆ ಹೆಪ್ಪಾಗಿ ಆ ಸಣ್ಣ ಸ್ಪ್ರಿಂಗುಗಳನ್ನೆಲ್ಲಾ ಅಂಟಿಸಿಬಿಡುತ್ತೆ.

ಇನ್ನು ತೋಟಾ. ಕೋವಿಗಿಂತ ಮುಂಚೆ ಇದನ್ನೇ ಬರೀಬೇಕಿತ್ತೇನೋ. ನಮ್ಮ ಮಲೆನಾಡಲ್ಲಿ ಮೂಡಿಗೆರೆ, ಕಳಸ, ಸಕಲೇಶಪುರ ಯಾವ ಕಡೆ ಆದ್ರೂ ಮೂರ್ನಾಲ್ಕು ತಿಂಗಳು ಬಟ್ಟೆನೇ ಒಣಗಲ್ಲ, ಅಂಥದ್ರಲ್ಲಿ ತೋಟಾ ಡಬ್ಬಿ ಗೋಡೆ ಬೀರುವಲ್ಲಿ ಇಟ್ಟಿರ್ತೀರಿ. ಹಳೇ ಕಾಗದದ ತೋಟಾ ಆದ್ರೆ ತೇವಕ್ಕೆ ಉಬ್ಬಿ ಚೇಂಬರಿಗೆ ಹೋಗೋವಾಗಲೇ ಬಿಗಿ, ಪ್ಲಾಸ್ಟಿಕ್ ತೋಟಾದ ಕವಚ ಉಬ್ಬದಿದ್ರೂ ತಳದ ಲೋಹಕ್ಕೆ ಹಸಿರು ಕಿಲುಬೋ ತುಕ್ಕೋ ಬರುತ್ತೆ. ಮತ್ತೆ ಆ ತಳ ಹಿತ್ತಾಳೇದಾ ಕಬ್ಬಿಣದ್ದಾ ಅಂತ ಒಂದು ಆಯಸ್ಕಾಂತ ಹಿಡಿದು ನೋಡಿ. ಎಷ್ಟೋ ತೋಟಾಗಳಲ್ಲಿ ಹಿತ್ತಾಳೆ ಬಣ್ಣ ಅಷ್ಟೇ, ಒಳಗೆ ಉಕ್ಕು. ಹಿತ್ತಾಳೆ ಒತ್ತಡಕ್ಕೆ ಉಬ್ಬಿ ಆಮೇಲೆ ಚೆನ್ನಾಗಿ ಕುಗ್ಗುತ್ತೆ, ಉಕ್ಕು ಅಷ್ಟು ಕುಗ್ಗಲ್ಲ, ಉಬ್ಬಿದಲ್ಲೇ ನಿಲ್ಲುತ್ತೆ. ಚೇಂಬರ್ ನುಣ್ಣಗಿದ್ರೆ ಎರಡೂ ನಡೆಯುತ್ತೆ, ಒರಟಾಗಿದ್ರೆ ಉಕ್ಕಿನ ತಳದ್ದು ಮೊದಲು ಸಿಕ್ಕಿಕೊಳ್ಳುತ್ತೆ. ಹಾಗಾಗಿ ಬೇರೆ ಡಬ್ಬಿ, ಬೇರೆ ಥರದ ತೋಟಾ ತಗೊಂಡು ನೋಡಿ, ಅದು ಸಲೀಸಾಗಿ ಹಾರಿದ್ರೆ ಅರ್ಧ ಉತ್ತರ ಸಿಕ್ಕ ಹಾಗೆ. ನಳಿಗೆ ಬಿಚ್ಚಿರುವಾಗ, ಮೂತಿ ನೆಲಕ್ಕೆ ಮಾಡಿ, ಡಮ್ಮಿ ತೋಟಾ ಚೇಂಬರಿಗೆ ಬಿಟ್ರೆ ಟಕ್ ಅಂತ ತನ್ನ ಭಾರಕ್ಕೇ ಕೂರಬೇಕು, ತಿರುಗಿಸಿದ್ರೆ ತಾನೇ ಜಾರಿ ಅಂಗೈಗೆ ಬೀಳಬೇಕು. ತೋಟಾ ಇಡೋದಕ್ಕೆ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಎರಡು ಸಿಲಿಕಾ ಜೆಲ್ ಚೀಟು. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತೆ ಅಂತ ಅಲ್ಲಿಡೋದು ಬೇಡ. ಮನೇಲಿ ಮತ್ತೆ ತುಂಬಿದ ತೋಟಾ ಹಾಕ್ತಿದ್ರೆ ಅದರ ಬಗ್ಗೆ ನಾನು ಏನೂ ಹೇಳಲ್ಲ, ಹಾಕ್ಬೇಡಿ ಅಷ್ಟೆ.

ಸಿಕ್ಕಿಕೊಂಡಾಗ ತೆಗೆಯೋದು ಹೇಗೆ ಅನ್ನೋದನ್ನ ನೀವು ಕೇಳಿಲ್ಲ, ಆದ್ರೆ ಜೋರಾಗಿ ಎಳೆದ್ರೆ ಅಂತ ಬರೆದಿದ್ದೀರಲ್ಲ, ಅದಕ್ಕೆ ಹೇಳ್ತೀನಿ. ಮೊದಲು ಈಡು ಹೋಗಿದೆಯಾ ಇಲ್ವಾ ಖಾತ್ರಿ ಮಾಡ್ಕೊಳ್ಳಿ. ಟ್ರಿಗರ್ ಒತ್ತಿ ಬರೀ ಟಿಕ್ ಅಂದಿದ್ರೆ ಮೂತಿ ಹಾಗೇ ಸೇಫ್ ಕಡೆ ಹಿಡ್ಕೊಂಡು ಒಂದು ನಿಮಿಷ ಕಾಯಿರಿ, ತೇವದ ತೋಟಾ ತಡವಾಗಿ ಹೊತ್ಕೊಳ್ಳೋದುಂಟು. ತೋಟಾ ತುಂಬಿ ಟ್ರಿಗರ್ ಒತ್ತದೇ ಇದ್ದಾಗ 870ರಲ್ಲಿ ಪಂಪ್ ಲಾಕಾಗೇ ಇರುತ್ತೆ, ಟ್ರಿಗರ್ ಗಾರ್ಡ್ ಮುಂದೆ ಎಡಗಡೆ ಇರೋ ಸಣ್ಣ ಪಟ್ಟಿ ಒತ್ತಿದ್ರೆ ಬಿಡುತ್ತೆ, ಇದು ಗೊತ್ತಿಲ್ದೆ ಜಾಮ್ ಅಂತ ತಂದವರೂ ಇದ್ದಾರೆ. ಢಮ್ ಅನ್ನೋ ಬದಲು ಫುಸ್ ಅಂತ ಸದ್ದು ಬಂದಿದ್ರೆ ಇನ್ನೊಂದು ತೋಟಾ ಹಾಕೋ ಮುಂಚೆ ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ನೋಡ್ಲೇಬೇಕು, ಮದ್ದಿಗೂ ಚರೆಗೂ ಮಧ್ಯೆ ಇರೋ ವ್ಯಾಡ್ ಒಳಗೆ ಉಳಿದಿದ್ರೆ ಮುಂದಿನ ಈಡಿಗೆ ನಳಿಗೆ ಸೀಳುತ್ತೆ.

ಈಡು ಹೋಗಿದೆ, ಖಾಲಿ ತೋಟಾನೇ ಸಿಕ್ಕಿಕೊಂಡಿದೆ ಅಂತ ಗೊತ್ತಾದ್ಮೇಲೆ ಹಿಡಿಯನ್ನ ಒಂಚೂರು ಮುಂದಕ್ಕೆ ತಳ್ಳಿ ಆಮೇಲೆ ಒಂದೇ ಏಟಿಗೆ ಹಿಂದಕ್ಕೆ ಎಳೀರಿ, ಬಹಳಷ್ಟು ಸಲ ಬರುತ್ತೆ. ಬೋಲ್ಟ್ ಹಿಂದೆ ಬಂದು ತೋಟಾ ಉಳಿದಿದ್ರೆ ಮ್ಯಾಗಜಿನ್ ಖಾಲಿ ಮಾಡಿ, ನಳಿಗೆ ಬಿಚ್ಚಿ, ಮೂತಿ ಕಡೆಯಿಂದ ಮರದ ಕೋಲು ಹಾಕಿ ಮೆಲ್ಲಗೆ ತಟ್ಟಿ, ಕಬ್ಬಿಣದ ಸರಳು ಬೇಡ. ಹಿಡಿ ಗಟ್ಟಿ ಹಿಡಿದು ಬಟ್ಟನ್ನ ನೆಲಕ್ಕೆ ಕುಟ್ಟೋದು ಕೆಲವರ ಪದ್ಧತಿ, ನನಗೆ ಇಷ್ಟ ಇಲ್ಲ, ಮೂತಿ ಮುಖದ ಪಕ್ಕಕ್ಕೇ ಬರುತ್ತೆ, ಹಳೇ ಮರದ ಬಟ್ ಕುತ್ತಿಗೇಲಿ ಸೀಳು ಬಿಡುತ್ತೆ. ಹೊಡೆಯದ ಜೀವಂತ ತೋಟಾ ಸಿಕ್ಕಿಕೊಂಡಿದ್ರೆ ಈ ಯಾವುದನ್ನೂ ಮಾಡ್ಬಾರ್ದು, ಕೋಲೂ ಇಲ್ಲ ಕುಟ್ಟೋದೂ ಇಲ್ಲ. ಮೂತಿ ಸೇಫ್ ಕಡೆ ಇಟ್ಟು ಗನ್‌ಸ್ಮಿತ್‌ಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಮಾಡಿ.

ಸರಿ, ಚೇಂಬರ್ ಕ್ಲೀನಾಯ್ತು, ತೋಟಾ ಬದಲಾಯ್ತು, ಆಮೇಲೆ ಎಕ್ಸ್‌ಟ್ರಾಕ್ಟರ್ ಕಡೆ ಬನ್ನಿ, ಅದನ್ನ ಪೂರ್ತಿ ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ನಳಿಗೆ ಬಿಚ್ಚಿರುವಾಗ ಬೋಲ್ಟಿನ ಮುಖಕ್ಕೆ ಡಮ್ಮಿ ತೋಟಾದ ಅಂಚನ್ನ ಕೊಕ್ಕೆ ಕೆಳಗೆ ಸಿಗಿಸಿ ಕೈ ಬಿಡಿ, ತನ್ನ ಭಾರಕ್ಕೆ ಬೀಳ್ದೆ ನಿಲ್ಲಬೇಕು, ಮೆಲ್ಲಗೆ ಅಲ್ಲಾಡಿಸಿದ್ರೂ ಬಿಡಬಾರ್ದು. ಜೋತು ಬಿದ್ರೆ ಸ್ಪ್ರಿಂಗ್ ಸೋತಿದೆ ಅಥವಾ ಕೊಕ್ಕೆ ಕೆಳಗೆ ಕೊಳೆ ತುಂಬಿ ಪೂರ್ತಿ ಮುಚ್ಚೋಕೆ ಬಿಡ್ತಿಲ್ಲ. ಹಲ್ಲುಜ್ಜೋ ಬ್ರಷ್ಷು, ಸಾಲ್ವೆಂಟ್ ಹಾಕಿ ಆ ಜಾಗ ತೊಳೆದು ಮತ್ತೆ ನೋಡಿ, ಕೊಳೆ ಆಗಿದ್ರೆ ಇಲ್ಲಿಗೇ ಸರಿ ಹೋಗುತ್ತೆ. ಕೊಕ್ಕೆಯ ತುದಿಯನ್ನ ಭೂತಕನ್ನಡಿ ಇಟ್ಟು ನೋಡಿ, ಒಳ ಅಂಚು ಚೂಪಾಗಿ ಚೌಕವಾಗಿ ಇರಬೇಕು, ಉರುಟಾಗಿದ್ರೆ, ತುದಿ ಚಕ್ಕೆ ಎದ್ದಿದ್ರೆ ಆಗ ಬದಲಿಸೋದು ನ್ಯಾಯ. ಅರದಲ್ಲಿ ಉಜ್ಜಿ ಚೂಪು ಮಾಡೋಣ ಅಂತ ಯಾರಾದ್ರೂ ಅಂದ್ರೆ ಕೋವಿ ವಾಪಸ್ ತಗೊಂಡು ಬನ್ನಿ, ಒಂದು ಕೂದಲೆಳೆ ಜಾಸ್ತಿ ಹೋದ್ರೂ ಅದು ಅಂಚು ಹಿಡಿಯಲ್ಲ. ಅದರ ಸ್ಪ್ರಿಂಗೂ ಪ್ಲಂಜರೂ ಬಿಚ್ಚಿದ ಕ್ಷಣ ಹಾರಿ ಹೋಗುತ್ತೆ, ಗನ್‌ಸ್ಮಿತ್‌ಗಳೇ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದ ಒಳಗೆ ಕೈ ಹಾಕಿ ಬಿಚ್ತಾರೆ. ಈ ಕೋವಿ ಅಮೆರಿಕದಲ್ಲಿ 1950ರಲ್ಲಿ ಬಂದು ಒಂದು ಕೋಟಿಗೂ ಜಾಸ್ತಿ ತಯಾರಾಗಿದೆ, ಪ್ರಪಂಚದಲ್ಲಿ ಇದರ ಪಾರ್ಟಿಗೆ ಬರ ಇಲ್ಲ. ಆದ್ರೆ ಇಲ್ಲಿಗೆ ಬಿಡಿ ಪಾರ್ಟ್ ಬರೋದು ಕಷ್ಟ ಅನ್ನೋ ನಿಮ್ಮ ಮಾತು ನಿಜ, ಅದಕ್ಕೇ ಸುಮ್ಸುಮ್ನೆ ಕಿತ್ತು ಹಾಕ್ಬೇಡಿ ಅಂತಿರೋದು.

ಇಷ್ಟಕ್ಕೆ ನಿಮ್ಮ ಮೊದಲನೇ ಕಾಯಿಲೆ ಆಯ್ತು. ಕಿಟಕೀಲಿ ಅಡ್ಡ ಸಿಕ್ಕಿಕೊಳ್ಳೋದಕ್ಕೆ ಬಹಳ ಸಲ ಕಾರಣ ಕೋವಿ ಅಲ್ಲ, ಕೈ. ಜೋಡುನಳಿಗೆ ಕೋವಿ ಅಭ್ಯಾಸ ಆದವರು ಪಂಪ್ ಕೋವಿಯನ್ನ ಮೆಲ್ಲಗೆ ಎಳೀತಾರೆ, ಎಲ್ಲಿ ಕೆಡುತ್ತೋ ಅಂತ. ಆಗ ಬೋಲ್ಟ್ ಮುಕ್ಕಾಲು ಹಿಂದೆ ಬರುತ್ತೆ, ತೋಟಾದ ಅಂಚು ಎಜೆಕ್ಟರ್ ತನಕ ತಲುಪೋದೇ ಇಲ್ಲ, ತಲುಪಿದ್ರೂ ಏಟು ಸಾಲಲ್ಲ, ತೋಟಾ ಅಲ್ಲೇ ಹೊರಳುತ್ತೆ, ಅಷ್ಟರಲ್ಲಿ ನೀವು ಮುಂದೆ ತಳ್ಳಿರ್ತೀರಿ, ಬೋಲ್ಟ್ ಬಂದು ಅದನ್ನ ಕಿಟಕಿಗೆ ಅಮುಕುತ್ತೆ. ಹಿಂದಕ್ಕೆ ಠಕ್ ಅಂತ ಕೊನೆ ಮುಟ್ಟೋ ತನಕ ಎಳೀಬೇಕು, ದಾಕ್ಷಿಣ್ಯ ಬೇಡ, ಅದು ಹಾಗೆ ಎಳೆಯೋಕೇ ಮಾಡಿರೋ ಕೋವಿ. ನಿಮ್ಮ ವಿಷಯದಲ್ಲಿ ಚೇಂಬರ್ ಬಿಗಿ ಇತ್ತಲ್ಲ, ಎಳೆಯೋ ಶಕ್ತಿ ಎಲ್ಲಾ ತೋಟಾ ಬಿಡಿಸೋದಕ್ಕೇ ಖರ್ಚಾಗಿ ಕೊನೇಲಿ ಏಟಿಗೆ ಬಲ ಉಳಿದಿರಲ್ಲ, ಹಾಗಾಗಿ ಚೇಂಬರ್ ಸರಿ ಮಾಡಿದ್ರೆ ಇದೂ ತಾನಾಗೇ ಹೋದ್ರೆ ನನಗೆ ಆಶ್ಚರ್ಯ ಇಲ್ಲ.

ಹೋಗ್ಲಿಲ್ಲ ಅಂದ್ರೆ ಡಮ್ಮಿ ತೋಟಾ ತುಂಬಿ ಮೊದಲು ನಿಧಾನಕ್ಕೆ ಒಂದ್ಸಲ, ಜೋರಾಗಿ ಒಂದ್ಸಲ ಪಂಪ್ ಮಾಡಿ. ಜೋರಾಗಿ ಮಾಡಿದಾಗಲೂ ಹಾರದಿದ್ರೆ ರಿಸೀವರ್ ಒಳಗೆ ಟಾರ್ಚ್ ಬಿಟ್ಟು ಎಡ ಗೋಡೆ ನೋಡಿ, ಎಜೆಕ್ಟರ್ ಪಟ್ಟಿ ಅಲ್ಲಾಡುತ್ತಾ, ತುದಿ ಮುರಿದಿದೆಯಾ, ಸ್ಪ್ರಿಂಗ್ ಇನ್ನೂ ಪುಟಿಯುತ್ತಾ ಅಂತ. ಅದರಲ್ಲಿ ದೋಷ ಇದ್ರೆ ನಿಮ್ಮ ಕೈಲಿ ಆಗೋ ಕೆಲಸ ಅಲ್ಲ, ರಿವೆಟ್ ತೆಗೆದು ಹೊಸದು ಹೊಡೆದು ಮೇಲೆ ಮಟ್ಟ ಮಾಡಿ ಬಣ್ಣ ಹಾಕ್ಬೇಕು. ಮಾಸ್‌ಬರ್ಗ್ 500 ಅನ್ನೋ ಬೇರೆ ಪಂಪ್ ಕೋವಿ ಇಟ್ಟಿರೋರಿಗೆ ಇಲ್ಲಿ ಸುಲಭ, ಅದ್ರಲ್ಲಿ ಎಜೆಕ್ಟರ್ ಒಂದು ಸ್ಕ್ರೂನಲ್ಲಿ ನಿಂತಿರುತ್ತೆ, ಎಕ್ಸ್‌ಟ್ರಾಕ್ಟರೂ ಎರಡು. ಇಥಾಕಾ 37 ಇದ್ರೆ ಅದಕ್ಕೆ ಪಕ್ಕದ ಕಿಟಕಿಯೇ ಇಲ್ಲ, ಖಾಲಿ ತೋಟಾ ಕೆಳಗೆ ಬೀಳುತ್ತೆ, ನಾನು ಮೇಲೆ ಹೇಳಿದ ಎಡ ಬಲ ಲೆಕ್ಕ ಅದಕ್ಕೆ ಹೊಂದಲ್ಲ.

ಇನ್ನೆರಡು ಸಣ್ಣ ಕಾರಣ ಇದೆ, ಸಣ್ಣದು ಅಂತಲೇ ಯಾರೂ ನೋಡಲ್ಲ. ಮ್ಯಾಗಜಿನ್ ತುದಿ ಕ್ಯಾಪ್ ಸಡಿಲ ಆದ್ರೆ ನಳಿಗೆ ಮುಂದಕ್ಕೆ ಜರುಗುತ್ತೆ, ಕೋವಿ ಸರಿಯಾಗಿ ಕೆಲಸ ಮಾಡಲ್ಲ, ಕೈಯಲ್ಲಿ ಬಿಗಿ ಮಾಡಿದ್ರೆ ಸಾಕು, ಪಕ್ಕಡ್ ಹಾಕೋದು ಬೇಡ. ಇನ್ನೊಂದು ಪಂಪ್ ಹಿಡಿಯನ್ನ ಕಬ್ಬಿಣದ ಕೊಳವೆಗೆ ಹಿಡಿದಿರೋ ನಟ್ಟು, ಹಿಡಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದ್ರೆ ಮರ ಮಾತ್ರ ಲೊಟಲೊಟ ಅಂದ್ರೆ ಅದು ಸಡಿಲ ಆಗಿದೆ, ಆಗ ನಿಮ್ಮ ಎಳೆತದಲ್ಲಿ ಸ್ವಲ್ಪ ಮರದಲ್ಲೇ ಕಳೆದುಹೋಗಿ ಬೋಲ್ಟಿಗೆ ತಲುಪಲ್ಲ. ಅದಕ್ಕೆ ಬೇರೆ ಸ್ಪ್ಯಾನರ್ ಬೇಕು, ಅಂಗಡೀಲಿ ಮಾಡಿಸಿ.

ಅಂಗಡಿ ಅಂದೆನಲ್ಲ, ಲೈಸೆನ್ಸ್ ಇರೋ ಅಂಗಡಿ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿಗೂ ಲೈಸೆನ್ಸ್ ಬೇಕು. ಊರಿನ ಲೇತ್‌ನವರು ಎಷ್ಟೇ ಕೈಚಳಕದವರಾಗಿರಲಿ, ನಿಮಗೆ ಎಷ್ಟೇ ಬೇಕಾದವರಾಗಿರಲಿ, ಅವರ ಹತ್ರ ಕೊಟ್ರೆ ಇಬ್ರಿಗೂ ಕಷ್ಟ. ಕೊಡೋವಾಗ ಆ ಗುರುತು ಹಾಕಿದ ಖಾಲಿ ತೋಟಾಗಳನ್ನೂ ಜೊತೆಗೆ ಕೊಡಿ, ಎಕ್ಸ್‌ಟ್ರಾಕ್ಟರ್ ಹಾಕಿ ಅಂತ ಹೇಳ್ಬೇಡಿ, ಮೂರನೇ ಈಡಿಗೆ ಚೇಂಬರಲ್ಲೇ ಹಿಡ್ಕೊಳ್ಳುತ್ತೆ, ಚೇಂಬರ್ ಅಳತೆ ನೋಡಿ ಅಂತ ಹೇಳಿ. ಏನು ಮಾಡ್ಬೇಕು ಅಂತ ಹೇಳಿದ್ರೆ ಅದನ್ನೇ ಮಾಡಿ ಕೊಡ್ತಾರೆ, ಏನಾಗ್ತಿದೆ ಅಂತ ಹೇಳಿದ್ರೆ ಹುಡುಕ್ತಾರೆ.

ಕೊನೇದಾಗಿ ಭಾವನವರ 3 ಇಂಚಿನ ತೋಟಾ. ನಳಿಗೆಯ ಎಡಗಡೆ, ರಿಸೀವರಿಗೆ ಸೇರೋ ಜಾಗದಲ್ಲಿ ಚೇಂಬರ್ ಉದ್ದ ಕೆತ್ತಿರುತ್ತೆ. ನಿಮ್ಮದು ಅಪ್ಪನ ಕಾಲದ್ದು ಅಂದ್ರೆ ಹೆಚ್ಚಾಗಿ ಎರಡೂ ಮುಕ್ಕಾಲು ಇಂಚು ಅಂತಲೇ ಇರುತ್ತೆ, ಅಂದ್ರೆ 70 ಮಿಲಿಮೀಟರು. 3 ಇಂಚು ಅಂದ್ರೆ 76. ಮೋಸ ಏನು ಅಂದ್ರೆ, ಆ ತೋಟಾ ಇದ್ರೊಳಗೆ ಸಲೀಸಾಗಿ ಹೋಗುತ್ತೆ, ಬೋಲ್ಟೂ ಮುಚ್ಚುತ್ತೆ, ಯಾಕಂದ್ರೆ ಬರೆದಿರೋ ಉದ್ದ ಬಾಯಿ ಬಿಚ್ಚಿದ ಮೇಲಿನದ್ದು, ಹೊಡೆಯೋ ಮುಂಚೆ ಬಾಯಿ ಮಡಚಿರೋದ್ರಿಂದ ಗಿಡ್ಡ ಇರುತ್ತೆ. ಹೊಡೆದಾಗ ಬಾಯಿ ಬಿಚ್ಚೋಕೆ ಜಾಗ ಇಲ್ದೆ ಚೇಂಬರ್ ಮುಂದಿನ ಇರುಕಲ್ಲಿ ತೂರಿ ದಾರಿ ಕಟ್ಟುತ್ತೆ, ಒತ್ತಡ ಏರುತ್ತೆ, ನಳಿಗೆಗೂ ಅಪಾಯ ನಿಮಗೂ ಅಪಾಯ. 3 ಇಂಚಿನ ನಳಿಗೆ ಬೇರೆ ತಂದು ಹಾಕ್ತೀನಿ ಅಂದ್ರೂ ಆಗಲ್ಲ, 3 ಇಂಚಿನ ತೋಟಾಕ್ಕೆ ಅಂತ ಮಾಡಿರೋ ಮ್ಯಾಗ್ನಮ್ ರಿಸೀವರಲ್ಲಿ ಎಜೆಕ್ಟರ್ ಇರೋ ಜಾಗವೇ ಬೇರೆ, ನಿಮ್ಮದ್ರಲ್ಲಿ ಉದ್ದದ ಖಾಲಿ ತೋಟಾ ಮತ್ತೆ ಕಿಟಕೀಲೇ ನಿಲ್ಲುತ್ತೆ. ಸೀರಿಯಲ್ ನಂಬರ್ ಕೊನೇಲಿ ವಿ ಅಕ್ಷರ ಇದ್ರೆ ಎರಡೂ ಮುಕ್ಕಾಲಿನದ್ದು, ಎಂ ಇದ್ರೆ ಮ್ಯಾಗ್ನಮ್, ತೀರಾ ಹಳೇದ್ರಲ್ಲಿ ಅಕ್ಷರ ಕಾಣದಿದ್ರೆ ನಳಿಗೆ ಮೇಲಿನ ಬರಹವೇ ಗತಿ, ಅದೂ ಅಳಿಸಿದ್ರೆ ಅಂಗಡೀಲಿ ಗೇಜ್ ಹಾಕಿಸಿ. ಭಾವನವರ ತೋಟಾ ಅವರ ಲೈಸೆನ್ಸಲ್ಲಿ, ಅವರ ಬೀರುವಲ್ಲೇ ಇರಲಿ, ನೀವು ನಿಮ್ಮ ಲೈಸೆನ್ಸ್ ತೋರಿಸಿ 70 ಮಿಲಿಮೀಟರಿನದ್ದು ಹೊಸ ಡಬ್ಬಿ ತಗೊಳ್ಳಿ.